ಹಳೆಯ ಜೀಪಿನ ಹಿಂದಿನ ಆಕ್ಸಲ್: ಮಳೆಗಾಲಕ್ಕೆ ಮುನ್ನ ಆರೈಕೆ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ತೋಟಕ್ಕೆ ಗೊಬ್ಬರ ಸಾಗಿಸಲು, ಅಡಿಕೆ, ಕಾಫಿ ಮೂಟೆಗಳನ್ನು ಹೊರಲು, ಮಳೆಗಾಲದಲ್ಲಿ ಕಾಯಿಲೆಯವರನ್ನು ಪೇಟೆಗೆ ಕರೆತರಲು ನಮ್ಮ ಕಡೆಯ ಹಲವು ಮನೆಗಳಿಗೆ ಇಂದಿಗೂ ಹಳೆಯ ಜೀಪೇ ಆಧಾರ. ಇಂಜಿನ್ನಿನ ಬಗ್ಗೆ ಎಲ್ಲರೂ ಕಾಳಜಿ ವಹಿಸುತ್ತಾರೆ. ಹಿಂದಿನ ಆಕ್ಸಲ್ಲನ್ನು ಮಾತ್ರ ಸದ್ದು ಬಂದ ಮೇಲೆಯೇ ನೆನೆಯುತ್ತಾರೆ. ಅದರ ಆರೈಕೆ ಹೇಗೆ, ಅದರ ಕೆಳಗೆ ಕೆಲಸ ಮಾಡುವಾಗ ಜೀವಕ್ಕೆ ಅಪಾಯವೇನು ಎಂಬುದನ್ನು ಈಗ ತಿಳಿಸುತ್ತೇನೆ.

ಡಿಫರೆನ್ಷಿಯಲ್ಲಿನ ಕೆಲಸ

ಆಕ್ಸಲ್ಲಿನ ನಡುವಿನ ಉಬ್ಬಿದ ಭಾಗದಲ್ಲಿ ಪಿನಿಯನ್ ಎಂಬ ಸಣ್ಣ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಹಲವು ಹಳೆಯ ಜೀಪುಗಳಲ್ಲಿ ಪಿನಿಯನ್ನಿಗೆ 8, ಕ್ರೌನಿಗೆ 43 ಹಲ್ಲುಗಳು. ಆದ್ದರಿಂದಲೇ ಏರಿನಲ್ಲಿ ಅಷ್ಟು ಎಳೆತ. ಜೀಪಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 4 ಅಡಿ. ಘಾಟಿಯ ಅರ್ಧ ಸುತ್ತಿನ ತಿರುವಿನಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 12 ಅಡಿ ಹೆಚ್ಚು ಓಡಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್.

ನೀರು ಒಳಸೇರುವ ಬಗೆ

ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಏರು ಹತ್ತಿ ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಕೊಳವೆ ಮತ್ತು ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಉಸಿರುಕೊಳವೆ ಕೆಸರಿನಿಂದ ಮುಚ್ಚಿದ್ದರೆ ಇನ್ನೊಂದು ಕೇಡು: ಬಿಸಿಗಾಳಿಯ ಒತ್ತಡಕ್ಕೆ ಎಣ್ಣೆ ಸೀಲನ್ನು ದಾಟಿ ಬ್ರೇಕ್ ಡ್ರಮ್ಮಿನೊಳಗೆ ಬರುತ್ತದೆ. ಎಣ್ಣೆ ಕುಡಿದ ಬ್ರೇಕು ಇಳಿಜಾರಿನಲ್ಲಿ ಹಿಡಿಯುವುದಿಲ್ಲ. ಹಿಂಚಕ್ರದ ಒಳಬದಿಯಲ್ಲಿ ಎಣ್ಣೆ ಕಂಡರೆ ಸೀಲನ್ನೂ ನೆನೆದ ಲೈನಿಂಗನ್ನೂ ಬದಲಿಸದೆ ಗಾಡಿ ಓಡಿಸಬೇಡಿ.

ಎಣ್ಣೆ ಬದಲಿಸುವ ಕ್ರಮ

ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಎಣ್ಣೆಯನ್ನು ಪರೀಕ್ಷಿಸಿ.

1. ಕೆಲವು ಕಿಲೋಮೀಟರು ಓಡಿಸಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ.

2. ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನೇ ಮೊದಲು ಸಡಿಲಿಸಿ. ತುಕ್ಕಿನಿಂದ ಅದು ಬಿಚ್ಚದಿದ್ದರೆ, ಎಣ್ಣೆ ಬಸಿದ ಗಾಡಿ ನಿಂತಲ್ಲೇ ಉಳಿದೀತು.

3. ಎಣ್ಣೆಯನ್ನು ಡಬ್ಬಿಗೆ ಬಸಿಯಿರಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ ಎಂದರ್ಥ. ನುಣ್ಣನೆಯ ಲೋಹದ ಮಡ್ಡಿ ಸವೆತದ್ದು, ಸಾಮಾನ್ಯ. ಬೆರಳಿಗೆ ಸಿಗುವ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿರಬಹುದು.

4. ಉಸಿರುಕೊಳವೆಯನ್ನು ಬಿಚ್ಚಿ ತೊಳೆದು, ಗಾಳಿ ಆಡುವುದೇ ನೋಡಿ.

5. ಕೈಪಿಡಿ ಹೇಳುವ ಗೇರ್ ಎಣ್ಣೆಯನ್ನೇ, ಸಾಮಾನ್ಯವಾಗಿ ಇ.ಪಿ. 90 ಹೈಪಾಯಿಡ್ ಎಣ್ಣೆಯನ್ನು, ರಂಧ್ರದ ಕೆಳಅಂಚಿನವರೆಗೆ ತುಂಬಿ. ಈ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುವುದರಿಂದ ಇಂಜಿನ್ ಎಣ್ಣೆ ತಡೆಯಲಾರದು.

ಹಳೆಯ ಎಣ್ಣೆಯನ್ನು ತೋಟದ ಬಸಿಗಾಲುವೆಗೆ ಚೆಲ್ಲಬೇಡಿ. ಅಲ್ಲಿಂದ ಅದು ಹೋಗುವುದು ತುಂಗೆ, ಭದ್ರೆಯರಿಗೇ.

ಸದ್ದಿನ ಅರ್ಥ

ನೇರ ದಾರಿಯಲ್ಲಿ ಎಳೆಯುವಾಗ ಕೊರಗುವ ಸದ್ದು ಬಂದರೆ ಕ್ರೌನ್-ಪಿನಿಯನ್ ಸವೆದಿರಬಹುದು. ತಿರುವಿನಲ್ಲಿ ಮಾತ್ರ ಸದ್ದಾದರೆ ನಡುವಿನ ಸಣ್ಣ ಗೇರುಗಳನ್ನು ಶಂಕಿಸಿ. ಹೊರಡುವಾಗ 'ಟಕ್' ಎಂದರೆ ಮೊದಲು ಪ್ರೊಪೆಲ್ಲರ್ ಷಾಫ್ಟಿನ ಜಾಯಿಂಟುಗಳನ್ನು ನೋಡಿಸಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಅವುಗಳ ಹೊಂದಾಣಿಕೆಗೆ ಡಯಲ್ ಗೇಜ್ ಬೇಕು. ಇದು ಮನೆಯಂಗಳದ ಕೆಲಸವಲ್ಲ. ಗುಜರಿಯ ಆಕ್ಸಲ್ ಕೂಡಿಸುವುದಾದರೆ ಅದರ ಹಲ್ಲಿನ ಅನುಪಾತ ಮುಂದಿನ ಆಕ್ಸಲ್ಲಿನದಕ್ಕೆ ಸಮವಾಗಿರಲಿ. ಇಲ್ಲವಾದರೆ ನಾಲ್ಕು ಚಕ್ರಕ್ಕೆ ಹಾಕಿದಾಗ ಎರಡೂ ಆಕ್ಸಲ್ಲುಗಳು ಜಗ್ಗಾಡಿ ಮುರಿಯುತ್ತವೆ.

ಕೈಬ್ರೇಕನ್ನು ನಂಬಬೇಡಿ

ಇದು ಮುಖ್ಯವಾದ ಮಾತು. ಹಲವು ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಪ್ರೊಪೆಲ್ಲರ್ ಷಾಫ್ಟನ್ನು ಹಿಡಿಯುತ್ತದೆ. ಒಂದು ಹಿಂಚಕ್ರವನ್ನು ಜಾಕಿನಿಂದ ಎತ್ತಿದರೆ, ಷಾಫ್ಟು ಅಲುಗದಿದ್ದರೂ ನೆಲದ ಮೇಲಿನ ಚಕ್ರ ಒಂದು ಕಡೆಗೂ ಎತ್ತಿದ ಚಕ್ರ ಅದರ ವಿರುದ್ಧ ದಿಕ್ಕಿಗೂ ತಿರುಗಬಲ್ಲವು. ತಿರುವಿನಲ್ಲಿ ನೆರವಾಗುವ ಡಿಫರೆನ್ಷಿಯಲ್ಲೇ ಇಲ್ಲಿ ಜೀಪನ್ನು ಉರುಳಲು ಬಿಡುತ್ತದೆ. ಎರಡು ಚಕ್ರದ ಗೇರಿನಲ್ಲಿ ನಿಲ್ಲಿಸಿದರೂ ಇದೇ ಗತಿ. ಆದ್ದರಿಂದ ಇಳಿಜಾರಿನಲ್ಲಿ ಎತ್ತಲೇಬೇಡಿ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡಿ. ಎತ್ತಿದ ಮೇಲೆ ಆಕ್ಸಲ್ಲಿನ ಕೆಳಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡು ಇಡಿ. ಬರಿಯ ಜಾಕನ್ನೋ ಜಂಬಿಟ್ಟಿಗೆ ಕಲ್ಲನ್ನೋ ನಂಬಿ ಯಾರೂ ಗಾಡಿಯ ಕೆಳಗೆ ನುಸುಳಬಾರದು.

ಹಳ್ಳ ದಾಟುವಾಗ ನೀರು ಆಕ್ಸಲ್ ಮುಟ್ಟಿದ್ದರೆ, ಗಾಡಿಯನ್ನು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕೆಳಪ್ಲಗ್ಗನ್ನು ಸ್ವಲ್ಪ ಸಡಿಲಿಸಿ ನೋಡಿ. ತಳಕ್ಕಿಳಿದ ನೀರೇ ಮೊದಲು ಬರುತ್ತದೆ. ನೀರು ಕಂಡರೆ ಅಂದೇ ಎಣ್ಣೆ ಬದಲಿಸಿ. ಒಂದೆರಡು ಲೀಟರು ಎಣ್ಣೆಯ ಖರ್ಚಿನಲ್ಲಿ ಆಕ್ಸಲ್ ಉಳಿಯುತ್ತದೆ.