ನನ್ನ ದುರ್ಯೋಧನ
(ಸಂಘದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



‘ಸಾಹಿತ್ಯದಲ್ಲಿ ಸ್ವೋಪಜ್ಞತೆ’ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಅಲಂಕಾರಶಾಸ್ತ್ರದ ಗಂಧವೂ ಇಲ್ಲ. ಆದರೆ ಸ್ವೋಪಜ್ಞತೆಯ ಭಯದಿಂದ ಮೂರು ವರ್ಷ ಒಂದು ನಾಟಕವನ್ನು ಬರೆಯದೆ ಕುಳಿತವನೆಂಬ ಅರ್ಹತೆ ಮಾತ್ರ ನನಗುಂಟು.

ಸಂಗತಿ ತಮ್ಮಲ್ಲಿ ಕೆಲವರಿಗೆ ತಿಳಿದದ್ದೇ. ನಮ್ಮ ಸಂಘದ ಹಿರಿಯ ನಟರೊಬ್ಬರು, ಅವರ ಕಂಠವನ್ನು ಕೇಳಿದವರು ಹೆಸರು ಹೇಳದೆಯೇ ಗುರುತಿಸುವಿರಿ, ಒಂದು ದಿನ ನನ್ನ ಹೆಗಲ ಮೇಲೆ ಕೈಯಿಟ್ಟು, “ರಾಜ್ಯೋತ್ಸವಕ್ಕೆ ನನಗೊಂದು ದುರ್ಯೋಧನನ ಪಾತ್ರ ಬರೆದುಕೊಡು ಮಾರಾಯ. ವೈಶಂಪಾಯನ ಸರೋವರದ ಪ್ರಸಂಗ. ಒಂದು ಗಂಟೆ ಸಾಕು” ಎಂದರು. ಉತ್ಸಾಹದಿಂದ ಒಪ್ಪಿಕೊಂಡೆ.

ಆ ರಾತ್ರಿಯೇ ಕಾಗದ ಮುಂದಿಟ್ಟುಕೊಂಡರೆ ಒಂದೇ ಪ್ರಶ್ನೆ: ಇದರಲ್ಲಿ ನನ್ನದೇನು? ವ್ಯಾಸರು ಹೇಳಿಯಾಯಿತು. ಭಾಸನ ‘ಊರುಭಂಗ’ವಿದೆ. ಪಂಪ 941ರಲ್ಲಿಯೇ ತನ್ನ ಭಾರತದಲ್ಲಿ ಇದನ್ನು ತಂದ. ರನ್ನನಂತೂ ಇಡೀ ‘ಗದಾಯುದ್ಧ’ವನ್ನೇ ಬರೆದ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ಅದನ್ನು ನಾಟಕವಾಗಿಯೂ ಮಾಡಿಬಿಟ್ಟರು. ಇನ್ನು ಯಕ್ಷಗಾನದವರು ಬಿಟ್ಟಿದ್ದಾರೆಯೇ? ಇಷ್ಟು ಮಂದಿ ಉಂಡೆದ್ದ ಎಲೆಯಲ್ಲಿ ನಾನೂ ಕೂರುವುದೇ ಎಂದು ಕಾಗದ ಮಡಿಸಿಟ್ಟೆ. ಆ ವರ್ಷ ಯಾವುದೋ ಪ್ರಹಸನವಾಯಿತು. ಮರುವರ್ಷವೂ ನಾನು ಯಾರೂ ಮುಟ್ಟದ ವಸ್ತುವನ್ನು ಹುಡುಕುತ್ತಲೇ ಇದ್ದೆ. ಮೂರನೆಯ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆಸ್ಪತ್ರೆಯಲ್ಲಿ ಕಂಡಾಗ, “ಎಲ್ಲಿಗೆ ಬಂದ ನನ್ನ ದುರ್ಯೋಧನ?” ಎಂದು ಕೇಳಿದ್ದರು. “ಮುಗಿಯುತ್ತ ಬಂತು” ಎಂದು ಸುಳ್ಳು ಹೇಳಿದೆ.

ಅನಂತರ, ಪ್ರಾಯಶ್ಚಿತ್ತವೆಂಬಂತೆ, ದಾದರಿನಿಂದ ಡೊಂಬಿವಲಿಗೆ ಹೋಗುವ ಗಾಡಿಯಲ್ಲಿ ನಿಂತುಕೊಂಡೇ, ಗದ್ಯಾನುವಾದದ ನೆರವಿನಿಂದ ರನ್ನನನ್ನು ಓದಿದೆ. ಓದಿ ನಾಚಿಕೆಯಾಯಿತು. ಮುಧೋಳದ ಬಳೆಗಾರರ ಮನೆಯ ಈ ಮಗನಿಗೆ ಪಂಪ ಬರೆದದ್ದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಬರೆದ. ಕಥೆ ವ್ಯಾಸರದು. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದು ಮಾಡಿ ಹೊಗಳಿದಂತೆ ಈತ ಸತ್ಯಾಶ್ರಯನನ್ನು ಭೀಮನೊಡನೆ ಒಂದು ಮಾಡಿ ಹೊಗಳಿದ. ಭಾಸನಿಗೂ ಭಟ್ಟನಾರಾಯಣನಿಗೂ ಋಣಿ. ನಮ್ಮ ಬ್ಯಾಂಕಿನವರು ಲೆಕ್ಕ ತೆಗೆದರೆ ಎಲ್ಲವೂ ಸಾಲವೇ! ಆದರೆ ದುರ್ಯೋಧನನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆದುಬರುವಲ್ಲಿ ಕವಿ ನಿಂತುಬಿಡುತ್ತಾನೆ. ಗುರು ದ್ರೋಣನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಮಗ ಲಕ್ಷಣಕುಮಾರನ ಮುಂದೆ, ಕರ್ಣನ ಮುಂದೆ ಆ ಛಲಗಾರನನ್ನು ನಿಲ್ಲಿಸಿ ಅಳಿಸುತ್ತಾನೆ. ಭೀಮನನ್ನು ನಾಯಕನೆಂದು ಹೊಗಳಲು ಹೊರಟ ಕಾವ್ಯದಲ್ಲಿ ನಮ್ಮ ಕಣ್ಣು ಒದ್ದೆಯಾಗುವುದು ದುರ್ಯೋಧನನಿಗಾಗಿ. ಹೊಸದೊಂದು ಮಾಡಿ ತೋರಿಸಬೇಕೆಂದು ಅವನು ಹಾಗೆ ಬರೆದನೆಂದು ನನಗೆ ತೋರುವುದಿಲ್ಲ. ಆ ಹೆಣಗಳನ್ನು ದಾಟಿ ಬೇಗ ಮುಂದಕ್ಕೆ ಹೋಗುವುದು ಅವನಿಂದ ಆಗಲಿಲ್ಲ, ಅಷ್ಟೆ.

ಬ್ಯಾಂಕಿನ ಮಾತೊಂದನ್ನು ಹೇಳಿದರೆ ಕ್ಷಮಿಸಬೇಕು. ತಿಂಗಳ ಮೊದಲಲ್ಲಿ ಪಿಂಚಣಿಗೆ ಬರುವ ಕೆಲವು ವೃದ್ಧರ ಸಹಿ ನಮ್ಮಲ್ಲಿರುವ ಮಾದರಿ ಸಹಿಗೆ ತಾಳೆಯಾಗುವುದಿಲ್ಲ. ಎಲ್ಲಿ ತಪ್ಪಾದೀತೋ ಎಂದು ಹೆದರಿ ಒಂದೊಂದೇ ಅಕ್ಷರವನ್ನು ಚಿತ್ರ ಬಿಡಿಸಿದಂತೆ ಬಿಡಿಸುತ್ತಾರೆ. ನಾನು ಚೀಟಿಯನ್ನು ಹಿಂದಕ್ಕೆ ಕೊಟ್ಟು, ಊರು, ಮೊಮ್ಮಕ್ಕಳು ಎಂದು ಮಾತಿಗೆಳೆದು, ಇನ್ನೊಮ್ಮೆ ಹಾಕಿಸುತ್ತೇನೆ. ಬಹುಮಟ್ಟಿಗೆ ತಾಳೆಯಾಗುತ್ತದೆ. ಅಕ್ಷರಗಳೇನೋ ಎಲ್ಲರವೂ ಅವೇ. ನನ್ನ ಮೂರು ವರ್ಷಗಳೂ ಹೀಗೆಯೇ ಹೋದವೆಂದು ಈಗ ತೋರುತ್ತದೆ. ಹೊಸತನದ ಚಿಂತೆಯೆಂದು ನಾನು ಹೇಳಿಕೊಂಡದ್ದರಲ್ಲಿ ಮುಕ್ಕಾಲು ಪಾಲು, ರನ್ನನ ಪಕ್ಕದಲ್ಲಿಟ್ಟು ನೋಡಿ ತಾವೆಲ್ಲ ನಕ್ಕೀರೆಂಬ ಹೆದರಿಕೆ. ನಗಬಹುದು, ಅಡ್ಡಿಯಿಲ್ಲ.

ಎರಡು ದೃಶ್ಯಗಳು ಮುಗಿದಿವೆ. ದುರ್ಯೋಧನನ ಮಾತು ಆ ಹಿರಿಯರ ಧಾಟಿಯಲ್ಲಿಯೇ ಬರುತ್ತಿದೆ, ಉಡುಪಿಯ ಕಡೆಯ ಎಳೆತವೂ ಸೇರಿಕೊಂಡು, ತಿದ್ದಲು ಹೋಗಿಲ್ಲ. ಸಂಜಯನ ಪಾತ್ರಕ್ಕೆ ಒಬ್ಬರು ಒಪ್ಪಿದ್ದಾರೆ. ದುರ್ಯೋಧನನಿಗೆ ಎತ್ತರದ ಆಳು ಬೇಕು, ಕಂಠವೂ ಬೇಕು. ಭಾನುವಾರ ಸಂಜೆ ಐದಕ್ಕೆ ಸಂಘದ ಕೋಣೆಗೆ ದಯಮಾಡಿಸಿ. ಲೋಕಲ್ ಗಾಡಿ ತಡವಾದರೆ ಐದೂವರೆ.