ಹುಟ್ಟುಗುಣ ಮತ್ತು ಒಂದು ಹನಿ ರಕ್ತ



ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಎಲ್ಲರಿಗೂ ಗೊತ್ತು. ಹುಟ್ಟಿನಿಂದ ಬಂದ ಕಾಯಿಲೆಯ ವಿಷಯದಲ್ಲೂ ಜನ ಹೀಗೆಯೇ ಭಾವಿಸುತ್ತಾರೆ. ಬಂದದ್ದನ್ನು ಅನುಭವಿಸಬೇಕು, ಬೇರೆ ದಾರಿಯಿಲ್ಲ ಎನ್ನುತ್ತಾರೆ. ಈ ಮಾತು ಎಲ್ಲ ಕಾಯಿಲೆಗಳಿಗೂ ಸಲ್ಲುವುದಿಲ್ಲ ಎಂದು ತಿಳಿದುಬಂದದ್ದರ ಹಿಂದೆ ನಾರ್ವೆ ದೇಶದ ಒಬ್ಬ ತಾಯಿಯ ಹಟವಿದೆ.

ಆಕೆಗೆ ಇಬ್ಬರು ಮಕ್ಕಳು. ಹುಟ್ಟಿದಾಗ ಆರೋಗ್ಯವಾಗಿಯೇ ಇದ್ದರು. ಬೆಳೆಯುತ್ತ ಇಬ್ಬರ ಬುದ್ಧಿಯೂ ಕುಂಠಿತವಾಯಿತು, ಅವರಿಂದ ವಿಚಿತ್ರ ವಾಸನೆ ಬರತೊಡಗಿತು. ಹಲವು ವೈದ್ಯರ ಬಳಿ ಅಲೆದರೂ ಕಾರಣ ತಿಳಿಯಲಿಲ್ಲ. ಕೊನೆಗೆ 1934ರಲ್ಲಿ ಓಸ್ಲೋ ನಗರದ ವೈದ್ಯ ಹಾಗೂ ಜೀವರಸಾಯನ ತಜ್ಞ ಆಸ್ಬ್ಯೋರ್ನ್ ಫೋಲಿಂಗ್ ಆ ಮಕ್ಕಳನ್ನು ನೋಡಿದರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಕಡು ಹಸಿರಾಯಿತು. ಅವರು ಅಂಥ ಬಣ್ಣವನ್ನು ಹಿಂದೆ ಕಂಡಿರಲಿಲ್ಲ. ಔಷಧಿಗಳನ್ನೆಲ್ಲ ನಿಲ್ಲಿಸಿ ಮತ್ತೆ ಪರೀಕ್ಷಿಸಿದರೂ ಅದೇ ಹಸಿರು. ಶ್ರಮಪಟ್ಟು ಬೇರ್ಪಡಿಸಿ ನೋಡಿದಾಗ ಆ ವಸ್ತು ಫೀನೈಲ್‌ಪೈರುವಿಕ್ ಆಮ್ಲವೆಂದು ತಿಳಿಯಿತು. ಬಳಿಕ ಬುದ್ಧಿಮಾಂದ್ಯರ ಆಶ್ರಯಧಾಮಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಿದಾಗ ಇನ್ನೂ 8 ಮಂದಿಯಲ್ಲಿ ಅದು ಸಿಕ್ಕಿತು. ಈ ಕಾಯಿಲೆಗೆ ಮುಂದೆ ಫೀನೈಲ್‌ಕೀಟೋನ್ಯೂರಿಯ ಎಂಬ ಹೆಸರು ಬಂತು.

ಇಲ್ಲಿ ಕೆಡುವುದು ಏನು? ಹಾಲು, ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನಿನಲ್ಲಿ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವಿದೆ. ಯಕೃತ್ತಿನ ಒಂದು ಕಿಣ್ವ ಇದನ್ನು ಟೈರೊಸಿನ್ ಆಗಿ ಮಾರ್ಪಡಿಸುತ್ತದೆ. ಆ ಕಿಣ್ವ ಕೆಲಸ ಮಾಡದಿದ್ದರೆ, ತೂಬು ಮುಚ್ಚಿದ ಕಾಲುವೆಯಲ್ಲಿ ನೀರು ನಿಂತು ಮೇಲಿನ ಗದ್ದೆ ಕೊಳೆಯುವಂತೆ, ಫೀನೈಲ್‌ಅಲನಿನ್ ರಕ್ತದಲ್ಲಿ ತುಂಬಿಕೊಂಡು ಬೆಳೆಯುವ ಮಿದುಳನ್ನು ಕೆಡಿಸುತ್ತದೆ.

ತೂಬು ತೆರೆಯಲಾಗದಿದ್ದರೆ ನೀರನ್ನಾದರೂ ಕಡಿಮೆ ಬಿಡಬಹುದಲ್ಲವೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಎರಡು ವರ್ಷದ ಒಬ್ಬ ಹುಡುಗಿಗೆ ಫೀನೈಲ್‌ಅಲನಿನ್ ಬಹಳ ಕಡಿಮೆ ಇರುವ ಆಹಾರ ಕೊಟ್ಟಾಗ ಅವಳು ಚೇತರಿಸಿಕೊಂಡಳು. ಅವರ ವರದಿ 1953ರಲ್ಲಿ ಪ್ರಕಟವಾಯಿತು. ಆದರೆ ಆಗಲೇ ಕೆಟ್ಟ ಮಿದುಳು ಪೂರ್ತಿ ಸರಿಹೋಗುವುದಿಲ್ಲ. ಪಥ್ಯ ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭವಾಗಬೇಕು. ಲಕ್ಷಣ ಕಾಣುವ ಮೊದಲೇ ರೋಗ ಹಿಡಿಯುವ ಉಪಾಯವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗುತ್ರಿ ಕಂಡುಹಿಡಿದರು. ಮಗುವಿನ ಹಿಮ್ಮಡಿಯನ್ನು ಚುಚ್ಚಿ, ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಇಂಗಿಸಿ ಪರೀಕ್ಷಿಸಿದರೆ ಸಾಕು.

ಈ ಉಪಾಯ ಕರ್ನಾಟಕಕ್ಕೂ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ತಜ್ಞ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಸಂಗಡಿಗರು 1980ರ ದಶಕದಲ್ಲಿ ರಾಜ್ಯದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತವನ್ನು ಇಂಥ ಕಾಯಿಲೆಗಳಿಗಾಗಿ ಪರೀಕ್ಷಿಸಿದರು. ಇಲ್ಲಿ ಇದಕ್ಕೆ ವಿಶೇಷ ಅರ್ಥವಿತ್ತು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಈ ನಾಡಿನಲ್ಲಿ ಹಳೆಯದು. ಆ ಕಾಲದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು.

ರಕ್ತಸಂಬಂಧ ತಾನಾಗಿ ರೋಗವನ್ನು ಹುಟ್ಟಿಸುವುದಿಲ್ಲ. ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೆ ಕುಟುಂಬದಲ್ಲಿ ಒಂದು ದೋಷಯುಕ್ತ ಜೀನ್ ಅಡಗಿದ್ದರೆ ಅದು ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಆಗ ಇಬ್ಬರೂ ಆರೋಗ್ಯವಾಗಿದ್ದರೂ ಪ್ರತಿ ಬಸುರಿಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಅನೇಕ ದೇಶಗಳಲ್ಲಿ ಪ್ರತಿ ಶಿಶುವಿಗೂ ಈ ಪರೀಕ್ಷೆ ನಡೆಯುತ್ತದೆ. ಭಾರತದ ಎಲ್ಲ ಶಿಶುಗಳಿಗೂ ಅದು ಇನ್ನೂ ದಕ್ಕಿಲ್ಲ. ಒಂದು ಮಗುವಿಗೆ ತೊಂದರೆಯಾದಾಗ ಸೊಸೆಯ ಕಾಲ್ಗುಣವನ್ನೋ ಹಣೆಬರಹವನ್ನೋ ಹಳಿಯುವ ಬದಲು ಮುಂದಿನ ಮಗುವಿನ ರಕ್ತವನ್ನು ಹುಟ್ಟಿದ ವಾರದಲ್ಲೇ ಪರೀಕ್ಷೆ ಮಾಡಿಸುವುದು ಲೇಸು. ಗಾದೆ ಹೇಳುವಂತೆ ಹುಟ್ಟುಗುಣ ಹೋಗದಿರಬಹುದು. ಅದರಿಂದಾಗುವ ಕೇಡನ್ನು ತಡೆಯಲು ಸಾಧ್ಯ.