ಜೂನಿನ ಮಗು, ಏಪ್ರಿಲ್ಲಿನ ಮಗು

(ಶಾಲಾ ವರ್ಷ ಮುಗಿದ ಸಂದರ್ಭದಲ್ಲಿ ತ್ರಿಪ್ಲಿಕೇನಿನಲ್ಲಿ ಸೇರಿದ ನಮ್ಮ ಕಾರ್ಮಿಕ ಕುಟುಂಬಗಳ ಮಕ್ಕಳ ಕೂಟದಲ್ಲಿ ಮಾಡಿದ ಭಾಷಣ)



ಪರೀಕ್ಷೆ ಮುಗಿಯಿತು, ಪುಸ್ತಕದ ಚೀಲಗಳು ಮೂಲೆ ಸೇರಿದವು. ಇನ್ನು ಜೂನಿನವರೆಗೆ ಮಕ್ಕಳಿಗೆ ರಜೆ, ತಾಯಂದಿರಿಗೆ ತಲೆನೋವು. ಈ ನಡುವೆ ಒಂದು ಸಂಜೆ ಎಲ್ಲರೂ ಕೂಡಿ, ಒಂದನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ನಮ್ಮ ಮಕ್ಕಳು ಈ ವರ್ಷ ಎಷ್ಟು ಬೆಳೆದಿದ್ದಾರೆಂದು ಕಣ್ಣಾರೆ ಕಂಡು ಸಂತೋಷಪಡೋಣವೆಂದು ಈ ಕೂಟ ಕರೆದೆವು. ಹೋಟೆಲಿನಲ್ಲಿ ಪಾಳಿ ಬದಲಿಸಿಕೊಂಡು ಬಂದವರಿದ್ದೀರಿ. ಎಂಟು ಗಂಟೆಗೆ ಮತ್ತೆ ಹೋಗಿ ಒಲೆಯ ಮುಂದೆ ನಿಲ್ಲಬೇಕಾದ ಭಟ್ಟರೂ ಇಲ್ಲಿ ಇದ್ದಾರೆ. ಆದ್ದರಿಂದ ಮಾತು ಉದ್ದ ಮಾಡುವುದಿಲ್ಲ. ಹೀಗೆ ಹೇಳಿಯೇ ಉದ್ದ ಮಾಡುವುದು ಭಾಷಣಕಾರರ ರೂಢಿ. ನಾವು ಆದಷ್ಟು ಪ್ರಯತ್ನಿಸುತ್ತೇವೆ.

ಈಗ ತಾನೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಓದಿದರು, ಲೆಕ್ಕ ಹೇಳಿದರು. ಎರಡನೆಯ ತರಗತಿಯ ಒಬ್ಬ ಹುಡುಗ ನಾಲ್ಕೇ ಸಾಲು ಓದಿದ. ಹಿಂದಿನ ಸಾಲಿನಲ್ಲಿದ್ದ ಕೆಲವರು ನಕ್ಕಿರಿ. ಆದರೆ ಕಳೆದ ಜೂನಿನಲ್ಲಿ ಅವನಿಗೆ ಅಕ್ಷರಗಳೇ ಗುರುತಾಗುತ್ತಿರಲಿಲ್ಲ. ಅವನಿಗಿಂತ ಮುಂಚೆ ಒಂದು ಹುಡುಗಿ ಇಡೀ ಪುಟವನ್ನು ನೀರು ಕುಡಿದಂತೆ ಓದಿದಳು. ಅವಳಿಗೆ ಹೋದ ವರ್ಷವೂ ಅಷ್ಟು ಬರುತ್ತಿತ್ತು. ಇಬ್ಬರಲ್ಲಿ ಈ ವರ್ಷ ಹೆಚ್ಚು ದೂರ ನಡೆದವರು ಯಾರು? "ಒಂದನೆ ಬಹುಮಾನ, ಎರಡನೆ ಬಹುಮಾನ ಎಂದು ಯಾಕೆ ಕೂಗಲಿಲ್ಲ?" ಎಂದು ಒಬ್ಬ ಅಣ್ಣ ಕೇಳಿದರು. ಕಾರಣ ಇದೇ. ಒಂದು ಮಗುವನ್ನು ಪಕ್ಕದ ಮನೆಯ ಮಗುವಿನೊಡನೆ ಅಳೆದರೆ ಸಿಗುವುದು ಜಂಬ, ಇಲ್ಲವೆ ಅಳು. ಏಪ್ರಿಲ್ಲಿನ ಮಗುವನ್ನು ಅದೇ ಜೂನಿನ ಮಗುವಿನೊಡನೆ ಅಳೆದರೆ ಬೆಳವಣಿಗೆ ಕಾಣುತ್ತದೆ.

"ನಮ್ಮ ಹುಡುಗ ಪಾಸಾದ" ಎಂದು ಮಿಠಾಯಿ ಹಂಚುವವರಿಗೆ ಒಂದು ಮಾತು. ಹಂಚಿ, ನಮಗೂ ಕೊಡಿ. ಆದರೆ ಪ್ರಾಥಮಿಕ ಶಾಲೆಯಲ್ಲಿ ಪಾಸು ಎಂಬ ಮಾತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಂದು ಜಾರಿಯಾಯಿತು. ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಕೂರಿಸಬಾರದೆಂದು ಅದರಲ್ಲಿತ್ತು. 2019ರಲ್ಲಿ ತಿದ್ದುಪಡಿಯಾಗಿ, ಬೇಕಾದ ರಾಜ್ಯಗಳು ಐದರಲ್ಲಿ, ಎಂಟರಲ್ಲಿ ತಡೆಯಬಹುದೆಂದಾಯಿತು. ತಮಿಳುನಾಡು ತಡೆಯದಿರುವ ಕ್ರಮವನ್ನೇ ಉಳಿಸಿಕೊಂಡಿತು. ಅದು ಒಳ್ಳೆಯದೇ ಎಂದು ನಮ್ಮ ಅಭಿಪ್ರಾಯ. ಫೇಲಾದ ಬಡವರ ಮಗು ಮತ್ತೆ ಅದೇ ಬೆಂಚಿಗೆ ಹೋಗುವುದು ಅಪರೂಪ, ಕೆಲಸಕ್ಕೆ ಹೋಗುತ್ತದೆ. ಆದರೆ ಎಲ್ಲರೂ ಪಾಸಾಗುವಲ್ಲಿ, ಮಗು ನಿಜವಾಗಿ ಏನು ಕಲಿಯಿತೆಂದು ನೋಡುವ ಹೊಣೆ ತಂದೆತಾಯಿಗಳಿಗೂ ಬರುತ್ತದೆ.

ಶಾಲೆಯವರು ಇದನ್ನು ನೋಡುವುದಿಲ್ಲವೆಂದಲ್ಲ. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಮಕ್ಕಳು ಕಲಿತದ್ದನ್ನೂ ಮರೆತ ಮೇಲೆ, ತಮಿಳುನಾಡು ಸರಕಾರ 2022ರ ಜೂನಿನಲ್ಲಿ 'ಎಣ್ಣುಂ ಎಳುತ್ತುಂ' ಎಂಬ ಯೋಜನೆ ಆರಂಭಿಸಿತು. ಎಣಿಕೆಯೂ ಬರಹವೂ ಎಂದು ಅರ್ಥ. ಮೊದಲು ಒಂದರಿಂದ ಮೂರನೆಯ ತರಗತಿಗೆ, ಆಮೇಲೆ ನಾಲ್ಕಕ್ಕೂ ಐದಕ್ಕೂ ಬಂತು. ಅದರಲ್ಲಿ ಮಕ್ಕಳನ್ನು ಜಾಣ, ದಡ್ಡ ಎಂದು ವಿಂಗಡಿಸದೆ ಅರುಂಬು, ಮೊಟ್ಟು, ಮಲರ್ ಎಂದು ಮೂರು ಮೆಟ್ಟಿಲು ಮಾಡಿದರು. ಎಳೆಮೊಗ್ಗು, ಮೊಗ್ಗು, ಹೂ ಎಂದು ನಾವು ಹೇಳಬಹುದು. ಅಲ್ಲಿ, ಅಂದರೆ ನೈದಿಲೆ, ಅರಳುವ ಕೊಳವೆಂದು ಹೆಸರು ಪಡೆದ ತಿರುವಲ್ಲಿಕ್ಕೇಣಿಯ ಮಕ್ಕಳಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ನಿಮ್ಮ ಮಗು ಜೂನಿನಲ್ಲಿ ಯಾವ ಮೆಟ್ಟಿಲಲ್ಲಿತ್ತು, ಈಗ ಎಲ್ಲಿದೆ ಎಂದು ಟೀಚರನ್ನು ಕೇಳಿ. ಅಂಕ ಎಷ್ಟೆಂದು ಕೇಳುವುದಕ್ಕಿಂತ ಇದು ಮೇಲು.

"ನಮಗೆ ತಮಿಳು ಓದಲು ಬಾರದು, ನಾವು ಏನು ಪರೀಕ್ಷಿಸುವುದು?" ಎನ್ನುವಿರಿ. ಓದಲು ಬರಬೇಕಾಗಿಲ್ಲ. ವಾರದ ರಜೆಯ ದಿನ, ಇಲ್ಲವೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುಂಚಿನ ಆ ಒಂದೆರಡು ಗಂಟೆಯ ಬಿಡುವಿನಲ್ಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿ ಒಂದು ಪುಟ ಓದಿಸಿ. ಕಿವಿಯೇ ಹೇಳುತ್ತದೆ. ಮೊದಮೊದಲು ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಕಲ್ಲು ಎತ್ತಿದಂತೆ ಎತ್ತುತ್ತದೆ. ಆಮೇಲೆ ಶಬ್ದ ಶಬ್ದವಾಗಿ ಬರುತ್ತದೆ. ಕೊನೆಗೆ ವಾಕ್ಯದ ಅರ್ಥ ತಿಳಿದು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಉಸಿರು ತೆಗೆದುಕೊಂಡು ಓದುತ್ತದೆ. ಓದಿದ್ದು ಏನೆಂದು ಮನೆಮಾತಿನಲ್ಲಿ ಹೇಳೆನ್ನಿ. ಹೇಳಿದರೆ ಕಲಿತಿದೆ, ಬರೀ ಬಾಯಿಪಾಠವಲ್ಲ. ಲೆಕ್ಕದ ವಿಚಾರದಲ್ಲಿ ನಮಗಿಂತ ಒಳ್ಳೆಯ ಪರೀಕ್ಷಕರು ಬೇರೆ ಯಾರು? ಮೂರು ಪ್ಲೇಟು ಇಡ್ಲಿ, ಎರಡು ವಡೆ, ಎರಡು ಕಾಫಿ. ನಿಮ್ಮ ಹೋಟೆಲಿನ ದರ ಹೇಳಿ, ಇನ್ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟೆಂದು ಕೇಳಿ.

ಭಾಷೆಯ ಮಾತು ಬಂತು. 2006ರ ಕಾಯಿದೆಯಂತೆ ಈ ರಾಜ್ಯದ ಮಕ್ಕಳು ಒಂದನೆಯ ತರಗತಿಯಿಂದಲೇ ತಮಿಳು ಕಲಿಯಬೇಕು. ಈ ಊರಿನ ಅನ್ನ ತಿನ್ನುವ ನಾವು ಈ ಊರಿನ ಭಾಷೆಯನ್ನು ಮನಸಾರೆ ಕಲಿಯುವುದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಕನ್ನಡ, ತುಳು, ಕುಂದಾಪುರದ ಕನ್ನಡ ಆಡುವ ಮಗು ಶಾಲೆಯ ಮೊದಲ ದಿನ ಒಂದು ಶಬ್ದವೂ ತಿಳಿಯದೆ ಕೂರುತ್ತದೆಂಬುದನ್ನೂ ನಾವು ನೆನಪಿಡಬೇಕು. ಅಂಥ ಮಗು ಏಪ್ರಿಲ್ಲಿಗೆ ತಮಿಳಿನಲ್ಲಿ ಕತೆ ಹೇಳಿದರೆ, ಅದು ಇತರ ಮಕ್ಕಳಿಗಿಂತ ಒಂದು ಹೊಳೆಯನ್ನು ಹೆಚ್ಚಾಗಿ ದಾಟಿ ಬಂದಿದೆ. ಅಂಕಪಟ್ಟಿಯಲ್ಲಿ ಈ ಹೊಳೆಗೆ ಅಂಕವಿಲ್ಲ.

ಕನ್ನಡ ಅಕ್ಷರವನ್ನು ರಜೆಯಲ್ಲಿ ಮನೆಯಲ್ಲೇ ಕಲಿಸಬಹುದು. ತಮಿಳು ಬಲ್ಲ ಮಗುವಿಗೆ ಅರ್ಧ ದಾರಿ ಆಗಲೇ ಮುಗಿದಿದೆ. ಎ, ಏ, ಒ, ಓ ಎಂಬ ಹ್ರಸ್ವ ದೀರ್ಘಗಳು ಎರಡರಲ್ಲಿಯೂ ಉಂಟು. ಎಡವುವುದು ಎಲ್ಲಿ ಎಂದರೆ, ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ಕನ್ನಡದಲ್ಲಿ ನಾಲ್ಕು. ಅಲ್ಲಿ ಬಯ್ಯಬೇಡಿ, ಸ್ವಲ್ಪ ತಾಳಿ. ಇನ್ನೊಂದು ಆಟವನ್ನು ಹೇಳಿಕೊಡಿ. ತಮಿಳಿನ ಪಾಲ್ ನಮ್ಮ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪಾಂಬು ಹಾವು, ಪತ್ತು ಹತ್ತು. ಅವರ ಪ ನಮ್ಮಲ್ಲಿ ಹ ಆಯಿತು. ಹಳಗನ್ನಡದಲ್ಲಿ ನಮ್ಮ ಹಿರಿಯರೂ ಪಾಲ್, ಪುಲಿ ಎಂದೇ ಬರೆದರು. ತುಳು ಮನೆಯ ಮಕ್ಕಳು ಈಗಲೂ ಪಿಲಿ, ಪೂ, ಪತ್ತ್ ಎನ್ನುತ್ತಾರೆ. ಈ ಬೀಗದ ಕೈ ಸಿಕ್ಕಿದ ಮಗು ತಾನೇ ಹತ್ತು ಶಬ್ದ ಹುಡುಕಿಕೊಂಡು ಬರುತ್ತದೆ. ಮೇ ತಿಂಗಳಲ್ಲಿ ಮಂಗಳೂರು ಮೈಲಿನಲ್ಲಿ ಊರಿಗೆ ಹೋಗುವಿರಲ್ಲ. ಇಳಿದೊಡನೆ ಬಸ್ಸಿನ ಬೋರ್ಡನ್ನು ಮಗುವೇ ಓದಲಿ. ಅಜ್ಜಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿಲ್ಲ.

ಕಲಿಸಲು ನಿಮಗೆ ಹೊತ್ತಿಲ್ಲದಿದ್ದರೆ ದೊಡ್ಡ ಮಗು ಚಿಕ್ಕದಕ್ಕೆ ಕಲಿಸಲಿ. ಈ ಪದ್ಧತಿಗೆ ಜಗತ್ತಿನಲ್ಲಿ ನಮ್ಮ ಊರಿನದೇ ಹೆಸರು. ಇಲ್ಲಿಗೆ ಹತ್ತಿರದ ಎಗ್ಮೋರಿನಲ್ಲಿ ಸೈನಿಕರ ಮಕ್ಕಳ ಅನಾಥಾಲಯದ ಶಾಲೆಯನ್ನು 1789ರಿಂದ 1796ರವರೆಗೆ ಆಂಡ್ರೂ ಬೆಲ್ ಎಂಬ ಪಾದ್ರಿ ನೋಡಿಕೊಳ್ಳುತ್ತಿದ್ದರು. ನಮ್ಮ ಜಗಲಿ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತಮ್ಮ ಶಾಲೆಗೆ ತಂದರು. ಉಪಾಧ್ಯಾಯರು ಒಪ್ಪದಾಗ, ಕಲಿತ ಹುಡುಗನಿಂದಲೇ ಕಲಿಯದ ಹುಡುಗರಿಗೆ ಪಾಠ ಹೇಳಿಸಿದರು. ಇಂಗ್ಲೆಂಡಿಗೆ ಹೋಗಿ ಅದನ್ನು ಮದರಾಸು ಪದ್ಧತಿ ಎಂದು ಹರಡಿದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ ಇಂದಿಗೂ ಮದ್ರಾಸ್ ಕಾಲೇಜ್ ಎಂಬ ಶಾಲೆ ಉಂಟು. ನಮಗೆ ಮರಳಿಗೇನು ಕಡಿಮೆ? ಸಮುದ್ರದ ದಂಡೆ ಇಲ್ಲಿಂದ ನಡೆಯುವಷ್ಟು ದೂರ.

ಆ ದಂಡೆಯ ಐಸ್ ಹೌಸಿನಲ್ಲಿ ಸೋದರಿ ಸುಬ್ಬಲಕ್ಷ್ಮಿಯವರು ಎಳೆಯ ವಿಧವೆಯರಿಗಾಗಿ ಮನೆ ಮಾಡಿ ಓದಿಸಿದರು. ಅಷ್ಟಕ್ಕೇ ನಿಲ್ಲದೆ ಎದುರಿನ ಕುಪ್ಪದ ಬೆಸ್ತರ ಮಕ್ಕಳಿಗೂ ಶಾಲೆ ತೆರೆದರು. ಅಂಥವರು ನಡೆದಾಡಿದ ಪೇಟೆ ಇದು.

ಈಗ ಹಿರಿಯರಿಗೆ ಒಂದು ಮಾತು. ನಮ್ಮ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಮಂದಿ ಹತ್ತು ಹನ್ನೆರಡರ ಪ್ರಾಯದಲ್ಲಿ, ಯಾರದೋ ಕೈ ಹಿಡಿದು ಘಟ್ಟ ಇಳಿದು ಹತ್ತಿ ಮದರಾಸಿಗೆ ಬಂದರು. ಲೋಟ ತೊಳೆದರು, ಹಿಟ್ಟು ರುಬ್ಬಿದರು, ಮಾಣಿಯಾದರು, ಸಪ್ಲೈಯರಾದರು. ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರ ಹೆಸರನ್ನು ನಾವೆಲ್ಲ ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕಾದ್ದೇ. ಆದರೆ ಒಬ್ಬ ಕೃಷ್ಣರಾಯರ ಹಿಂದೆ ಲೋಟ ತೊಳೆದೇ ಮುದುಕರಾದವರ ಲೆಕ್ಕ ಇಟ್ಟವರಿಲ್ಲ. ಮಿಲ್ಲಿನ ಕತೆಯೂ ಹೀಗೆಯೇ. 1881ರ ಕಾರ್ಖಾನೆ ಕಾಯಿದೆ ಏಳು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದೆಂದಿತು, ಅದೂ ಸುಧಾರಣೆಯೆಂಬ ಹೆಸರಿನಲ್ಲಿ! 1891ರಲ್ಲಿ ಒಂಬತ್ತು ವರ್ಷ, ಏಳು ಗಂಟೆ ಎಂದಾಯಿತು. ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳು 1996ರಲ್ಲಿ ಮುಚ್ಚಿದವು. ಅಲ್ಲಿ ದುಡಿದ ಮನೆಗಳ ಮೊಮ್ಮಕ್ಕಳು ಇಂದು ಪುಸ್ತಕ ಹಿಡಿದು ಓದುತ್ತಿದ್ದಾರೆ. ಹದಿನಾಲ್ಕಕ್ಕೆ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು, ಅಂದರೆ ಮೊನ್ನೆ ಮೊನ್ನೆ.

ಹೊಟ್ಟೆಯ ವಿಚಾರವನ್ನು ಹೋಟೆಲಿನವರ ಮುಂದೆ ಹೇಳದೆ ಬಿಟ್ಟರೆ ತಪ್ಪಾದೀತು. ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕುವ ಕೆಲಸಕ್ಕೆ ಈ ನಗರವೇ ಮೊದಲು ಕೈಹಾಕಿತು. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದಾಗ ಥೌಸೆಂಡ್ ಲೈಟ್ಸಿನ ಶಾಲೆಯಲ್ಲಿ, ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದಂತೆ, ಆರಂಭಿಸಿದರು. ನಡುವೆ ನಿಂತೂ ಹೋಯಿತು. 1956ರಲ್ಲಿ ಕಾಮರಾಜರು ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸತೊಡಗಿದರು, 1982ರಲ್ಲಿ ಎಂ.ಜಿ.ಆರ್. ಹಿಗ್ಗಿಸಿದರು. 2022ರ ಸೆಪ್ಟೆಂಬರಿನಿಂದ ಒಂದರಿಂದ ಐದನೆಯ ತರಗತಿಯವರಿಗೆ ಬೆಳಗಿನ ತಿಂಡಿಯೂ ಬಂತು, ಮರುವರ್ಷ ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಿಗೂ ಹಬ್ಬಿತು. ಊರಿಗೆಲ್ಲ ಉಪ್ಪಿಟ್ಟು ಪೊಂಗಲು ಬಡಿಸಲು ನಾಲ್ಕು ಗಂಟೆಗೇ ಎದ್ದು ಹೋಗುವ ಅಪ್ಪನ ಮಗು ಬರಿಹೊಟ್ಟೆಯಲ್ಲಿ ಶಾಲೆಗೆ ಹೋಗುವುದು ತಪ್ಪಿತು. ನಾಲ್ಕು ಸಾಲು ಓದಿದ ಆ ಹುಡುಗನ ಬೆಳವಣಿಗೆಯಲ್ಲಿ ಉಪ್ಪಿಟ್ಟಿನ ಪಾಲೂ ಉಂಟೆಂದು ನಾವು ನಂಬುತ್ತೇವೆ.

ಇಷ್ಟೆಲ್ಲ ಆದರೂ ಒಂದು ಅಪಾಯ ಬಾಗಿಲಲ್ಲೇ ನಿಂತಿದೆ. ಐದನೆಯ ತರಗತಿ ಮುಗಿಸಿದ ಮಕ್ಕಳು ಈಗ ಬೇರೆ ಶಾಲೆಗೆ ಹೋಗಬೇಕು. ಎಷ್ಟೋ ಮಕ್ಕಳು ಕಳೆದುಹೋಗುವುದು ಈ ಐದಕ್ಕೂ ಆರಕ್ಕೂ ನಡುವಿನ ಬೇಸಿಗೆಯಲ್ಲಿ. "ಎರಡು ತಿಂಗಳು ಸುಮ್ಮನೆ ಯಾಕೆ, ನಮ್ಮ ಜೊತೆ ಹೋಟೆಲಿಗೆ ಬರಲಿ" ಎನ್ನುವರು. ಬಂದ ಹುಡುಗನ ಕೈಗೆ ನಾಲ್ಕು ಕಾಸು ಸಿಕ್ಕಿದರೆ ಜೂನ್ ಬಂದದ್ದೇ ತಿಳಿಯದು. ಹುಡುಗಿಯಾದರೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ಊರಿಗೆ ಹೋದವರು ಜುಲೈಗೆ ಬಂದು, ಇನ್ನು ಸೀಟು ಸಿಗದೆಂದು ಕೈಚೆಲ್ಲುತ್ತಾರೆ.

ಕೈಚೆಲ್ಲಬೇಡಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಎಂಟನೆಯ ತರಗತಿಯವರೆಗೆ ಸರಕಾರಿ ಶಾಲೆಯಲ್ಲಿ ಉಚಿತವಾಗಿ ಓದುವುದು ಹಕ್ಕು. ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಕೇಳಿದ ಕೂಡಲೇ ಹೆಡ್‌ಮಾಸ್ತರರು ಕೊಡಬೇಕು. ಅದು ತಡವಾಯಿತೆಂದು ಹೊಸ ಸರಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಜನನದ ದಾಖಲೆ ಇಲ್ಲವೆಂದೂ, ದಿನ ಮೀರಿತೆಂದೂ ಹಿಂದಕ್ಕೆ ಕಳಿಸುವಂತಿಲ್ಲ. ಊರಿನಿಂದ ಹೊಸದಾಗಿ ಬಂದ, ಶಾಲೆಯನ್ನೇ ಕಾಣದ ಮಗುವಿದ್ದರೆ ಅದರ ಪ್ರಾಯಕ್ಕೆ ತಕ್ಕ ತರಗತಿಗೇ ಸೇರಿಸಿ, ಬೇರೆಯಾಗಿ ಪಾಠ ಹೇಳಿಕೊಡಬೇಕೆಂದೂ ಅದೇ ಕಾಯಿದೆಯಲ್ಲಿದೆ. ಯಾರಾದರೂ ಗದರಿಸಿದರೆ ಒಬ್ಬರೇ ವಾಪಸು ಬರಬೇಡಿ. ನಮ್ಮನ್ನು ಕರೆಯಿರಿ, ನಾಲ್ಕು ಮಂದಿ ಕೂಡಿ ಹೋಗೋಣ.

ಮಕ್ಕಳಿಗೆ ಪಾಯಸ ಸಿದ್ಧವಾಗಿದೆಯೆಂದು ಒಳಗಿನಿಂದ ಕೈಸನ್ನೆ ಮಾಡುತ್ತಿದ್ದಾರೆ. ಒಂದೊಂದು ನೋಟುಪುಸ್ತಕ, ಒಂದು ಪೆನ್ಸಿಲು ಎಲ್ಲರಿಗೂ ಉಂಟು. ಅದರ ಮೊದಲ ಪುಟದಲ್ಲಿ ಇಂದಿನ ತಾರೀಖು ಹಾಕಿ, ಮಗುವಿನ ಕೈಯಿಂದಲೇ ಐದು ಸಾಲು ಬರೆಸಿ ಇಡಿ. ಮುಂದಿನ ಏಪ್ರಿಲ್ಲಿನಲ್ಲಿ ಅದನ್ನು ತೆರೆದು ನೋಡೋಣ. ಐದನೆಯ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳು ಮಾತ್ರ ಪಾಯಸವಾದ ಮೇಲೆ ಹತ್ತು ನಿಮಿಷ ನಿಲ್ಲಿ. ಯಾವ ಮಗು ಜೂನಿನಲ್ಲಿ ಯಾವ ಶಾಲೆಗೆ ಎಂದು ಇಂದೇ ಬರೆದುಕೊಳ್ಳಬೇಕಾಗಿದೆ.